ಟರ್ಮಿನಲ್‌ನಲ್ಲಿ ಎಐ ಕೋಡಿಂಗ್ ಸಹಾಯಕ: ಯಾರಿಗೆ ಯಾವುದು ಸರಿ?

ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕಿಟಕಿ) ಎಐ ಜೊತೆ ಕೋಡ್ ಬರೆಯಬೇಕು ಅಂದುಕೊಂಡವರ ಮುಂದೆ ಈಗ ದೊಡ್ಡ ಸಾಲೇ ಇದೆ. ಏಡರ್, ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ ಸಿಎಲ್‌ಐ (ಸಿಎಲ್‌ಐ ಅಂದರೆ ಕಮಾಂಡ್ ಲೈನ್ ರೂಪ), ಕೋಪೈಲಟ್ ಸಿಎಲ್‌ಐ, ಓಪನ್‌ಕೋಡ್, ಗೂಸ್. ಯಾವುದು ಒಳ್ಳೆಯದು ಅಂತ ಕೇಳಿದರೆ ಹೆಚ್ಚಿನವರು ಮಾಡೆಲ್‌ಗಳ ಅಂಕಪಟ್ಟಿ ತೋರಿಸುತ್ತಾರೆ. ಆ ಪಟ್ಟಿಯ ಮೊದಲ ಸ್ಥಾನ ಕೆಲವೇ ವಾರಗಳಲ್ಲಿ ಇನ್ನೊಬ್ಬರ ಪಾಲಾಗುತ್ತದೆ. ಸಾಧನದ ನಡವಳಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ನಿಮ್ಮ ಫೈಲಿಗೆ ಕೈ ಹಾಕುವ ಮುಂಚೆ ಕೇಳುತ್ತದೆಯೇ? ಕೇಳದೆ ಏನೇನು ಮಾಡಬಲ್ಲದು? ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರ ನೋಡಿ ಸಾಧನ ಆರಿಸಿ. ಮಾಡೆಲ್ ಯಾವುದು ಅನ್ನೋದು ಆಮೇಲಿನ ಮಾತು. ಇದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕೂ ಮೊದಲು, ಟರ್ಮಿನಲ್ ಬೇಕೇ ಬೇಕಾ? ಟೈಪ್ ಮಾಡುತ್ತಿದ್ದಂತೆ ಮುಂದಿನ ಸಾಲು ತಾನಾಗಿ ಮೂಡಬೇಕು ಅನ್ನುವವರಿಗೆ ಎಡಿಟರ್‌ನೊಳಗಿನ ಸಹಾಯಕವೇ ಸಾಕು. ಟರ್ಮಿನಲ್‌ನ ಲಾಭ ಬೇರೆ. ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನ), ಟೆಸ್ಟ್, ಲಿಂಟರ್ (ಕೋಡ್‌ನ ತಪ್ಪು ಹುಡುಕುವ ಸಾಧನ), ಬಿಲ್ಡ್ ಎಲ್ಲವೂ ಅಲ್ಲೇ ಇವೆ. ಹಾಗಾಗಿ ಸಹಾಯಕ ತಾನು ಬರೆದ ಕೋಡನ್ನು ತಾನೇ ಓಡಿಸಿ, ಬಂದ ಎರರ್ ಓದಿ, ತಿದ್ದಿಕೊಳ್ಳಬಹುದು. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋದಾಗಲೂ ಅದೇ ಸಾಧನ ಅಲ್ಲೂ ಓಡುತ್ತದೆ. ನೀವು ಬಳಸುವ ಎಡಿಟರ್ ಯಾವುದಾದರೂ ಆಗಬಹುದು. ಸ್ಕ್ರಿಪ್ಟ್ ಒಳಗೂ ಸೇರಿಸಿಕೊಳ್ಳಬಹುದು.

ಮೂರು ಬಗೆ

ಹೆಸರುಗಳು ಹಲವು ಇದ್ದರೂ ಕೆಲಸ ಮಾಡುವ ರೀತಿ ನೋಡಿದರೆ ಬಗೆಗಳು ಮೂರೇ.

ಮೊದಲನೆಯದು ಪೈಪ್ ಬಗೆ. ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ನೇರವಾಗಿ ಇನ್ನೊಂದಕ್ಕೆ ಹರಿಸುವುದೇ ಪೈಪ್. ಸೈಮನ್ ವಿಲ್ಲಿಸನ್ ಬರೆದ ಎಲ್‌ಎಲ್‌ಎಂ ಅನ್ನುವ ಸಾಧನ ಇದಕ್ಕೆ ಒಳ್ಳೆಯ ಉದಾಹರಣೆ. ಗಿಟ್ ಡಿಫ್‌ನ (ಬದಲಾದ ಸಾಲುಗಳನ್ನು ತೋರಿಸುವ ಕಮಾಂಡ್) ಔಟ್‌ಪುಟ್ ಅನ್ನು ಪೈಪ್ ಮಾಡಿ "ಇದಕ್ಕೊಂದು ಕಮಿಟ್ ಮೆಸೇಜ್ ಬರೆ" ಅಂದರೆ ಉತ್ತರ ಬರುತ್ತದೆ. ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಕೊಟ್ಟು "ಎಲ್ಲಿ ತಪ್ಪಿದೆ" ಅಂತ ಕೇಳಬಹುದು. ಹೀಗೆ ಬಳಸಿದಾಗ ಅದು ಯಾವ ಫೈಲನ್ನೂ ಮುಟ್ಟುವುದಿಲ್ಲ. ಓದುತ್ತದೆ, ಹೇಳುತ್ತದೆ, ಮುಗಿಯಿತು. ಎಐಗೆ ಇನ್ನೂ ಕೀಬೋರ್ಡ್ ಒಪ್ಪಿಸಲು ಮನಸ್ಸಿಲ್ಲದವರು ಇಲ್ಲಿಂದ ಶುರು ಮಾಡಲಿ. ಇದು ಆರಂಭದವರಿಗೆ ಮಾತ್ರ ಅಂದುಕೊಳ್ಳಬೇಡಿ. ಏಜೆಂಟ್ (ಮುಂದೆ ಹೇಳುವ ಮೂರನೆಯ ಬಗೆ) ಬಳಸುವವರೂ ಚಿಕ್ಕ ಕೆಲಸಕ್ಕೆ ಇದನ್ನೇ ಹಿಡಿದರೆ ಸಮಯವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಎರಡನೆಯದು ಜೋಡಿ ಬಗೆ. ಇಲ್ಲಿ ಏಡರ್‌ನದೇ ದೊಡ್ಡ ಹೆಸರು. 2023ರಿಂದ ಇರುವ ಓಪನ್ ಸೋರ್ಸ್ ಸಾಧನ. ಯಾವ ಫೈಲುಗಳ ಮೇಲೆ ಕೆಲಸ ಅಂತ ನೀವೇ ಹೇಳಬೇಕು. ಉಳಿದ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್) ಏನಿದೆ ಅನ್ನುವುದಕ್ಕೆ ಅದು ಕೋಡ್‌ನ ರಚನೆ ಓದುವ ಟ್ರೀಸಿಟ್ಟರ್ ಬಳಸಿ ಒಂದು ಚಿಕ್ಕ ನಕ್ಷೆ ಮಾಡಿಕೊಳ್ಳುತ್ತದೆ. ಮುಖ್ಯವಾದ ಕ್ಲಾಸ್, ಫಂಕ್ಷನ್‌ಗಳ ಹೆಸರು ಮತ್ತು ಅವನ್ನು ಘೋಷಿಸುವ ಸಾಲುಗಳಷ್ಟೇ ಅದರಲ್ಲಿರುತ್ತವೆ. ಇಡೀ ಕೋಡ್ ಹೋಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಪ್ರತಿ ಬದಲಾವಣೆಯನ್ನೂ ಏಡರ್ ತಾನೇ ಗಿಟ್‌ಗೆ ಕಮಿಟ್ ಮಾಡುತ್ತದೆ, ಅಂದರೆ ಇತಿಹಾಸದಲ್ಲಿ ಒಂದು ಹಂತವಾಗಿ ಉಳಿಸುತ್ತದೆ. ನೀವು ಕಮಿಟ್ ಮಾಡದೆ ಬಿಟ್ಟ ಬದಲಾವಣೆಗಳು ಆ ಫೈಲಿನಲ್ಲಿದ್ದರೆ ಮೊದಲು ಅವನ್ನು ಬೇರೆಯಾಗಿ ಕಮಿಟ್ ಮಾಡಿ, ಆಮೇಲೆ ತನ್ನ ಕೆಲಸ ಶುರು ಮಾಡುತ್ತದೆ. ನಿಮ್ಮದು ಯಾವುದು, ಅದರದು ಯಾವುದು ಅನ್ನುವ ಗೊಂದಲವೇ ಇರುವುದಿಲ್ಲ.

ಮೂರನೆಯದು ಏಜೆಂಟ್ ಬಗೆ. ಆಂಥ್ರೋಪಿಕ್‌ನ ಕ್ಲಾಡ್ ಕೋಡ್ 2025ರ ಫೆಬ್ರುವರಿಯಲ್ಲಿ ಪ್ರಯೋಗದ ರೂಪದಲ್ಲಿ ಬಂತು. ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ ಅದೇ ವರ್ಷದ ಏಪ್ರಿಲ್‌ನಲ್ಲಿ, ಗೂಗಲ್‌ನ ಜೆಮಿನಿ ಸಿಎಲ್‌ಐ ಜೂನ್‌ನಲ್ಲಿ ಬಂದವು. ಇವುಗಳಿಗೆ ಫೈಲಿನ ಹೆಸರು ಹೇಳುವ ಅಗತ್ಯವಿಲ್ಲ. "ಲಾಗಿನ್ ಟೆಸ್ಟ್ ಫೇಲ್ ಆಗ್ತಿದೆ, ಸರಿ ಮಾಡು" ಅಂದರೆ ಸಾಕು. ತಾವೇ ಹುಡುಕುತ್ತವೆ, ಓದುತ್ತವೆ, ತಿದ್ದುತ್ತವೆ, ಟೆಸ್ಟ್ ಓಡಿಸುತ್ತವೆ, ಫೇಲ್ ಆದರೆ ಮತ್ತೆ ತಿದ್ದುತ್ತವೆ. ಓಪನ್‌ಕೋಡ್ ಮತ್ತು ಗೂಸ್ ಕೂಡ ಇದೇ ಬಗೆ. ಅವುಗಳ ವಿಶೇಷ ಅಂದರೆ ಯಾವ ಕಂಪನಿಯ ಮಾಡೆಲ್ ಬೇಕಾದರೂ ಜೋಡಿಸಿಕೊಳ್ಳಬಹುದು.

ಜೋಡಿ ಬಗೆ ಮತ್ತು ಏಜೆಂಟ್ ಬಗೆಯ ನಡುವೆ ಆರಿಸುವಾಗ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈ ಕೋಡ್‌ಬೇಸ್ ನಿಮಗೆ ಎಷ್ಟು ಗೊತ್ತು? ಚೆನ್ನಾಗಿ ಗೊತ್ತಿದ್ದರೆ ಯಾವ ಎರಡು ಫೈಲು ಬದಲಾಗಬೇಕು ಅಂತ ನಿಮಗೇ ಗೊತ್ತಿರುತ್ತದೆ. ಅಂಥ ಕಡೆ ಏಜೆಂಟ್ ಇಡೀ ರೆಪೊ ಜಾಲಾಡುವುದು ಸುಮ್ನೆ ಖರ್ಚು. ಏಡರ್‌ಗೆ ಆ ಎರಡು ಫೈಲು ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಡಿಫ್ ಕೂಡ ಚಿಕ್ಕದಾಗಿರುತ್ತದೆ. ಬೇರೆಯವರು ಬರೆದ ದೊಡ್ಡ ರೆಪೊಗೆ ಹೊಸದಾಗಿ ಬಂದಿದ್ದರೆ ಹುಡುಕುವ ಕೆಲಸವೇ ಅರ್ಧ ಕೆಲಸ. ಅಲ್ಲಿ ಏಜೆಂಟ್‌ಗಳು ನಿಜವಾಗಿಯೂ ಕೈ ಹಿಡಿಯುತ್ತವೆ.

ಅನುಮತಿ ಮತ್ತು ಆವರಣ

ಹೋಲಿಕೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಏಜೆಂಟ್ ಅಂದರೆ ನಿಮ್ಮ ಯೂಸರ್ ಹೆಸರಿನಲ್ಲೇ ಕಮಾಂಡ್ ಓಡಿಸುವ ಪ್ರೋಗ್ರಾಂ. ನಿಮಗೆ ಏನೇನು ಮಾಡಲು ಆಗುತ್ತದೋ ಅದೆಲ್ಲ ಅದಕ್ಕೂ ಆಗುತ್ತದೆ. ಇದನ್ನು ತಡೆಯಲು ಎರಡು ದಾರಿಗಳಿವೆ. ಒಂದು, ಪ್ರತಿ ಸಲ ನಿಮ್ಮನ್ನು ಕೇಳುವುದು. ಇನ್ನೊಂದು, ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲೇ ಬೇಲಿ ಹಾಕುವುದು.

ಕೋಡೆಕ್ಸ್ ಮೊದಲಿನಿಂದಲೂ ಬೇಲಿಗೆ ಒತ್ತು ಕೊಟ್ಟಿದೆ. ಮ್ಯಾಕ್‌ನಲ್ಲಿ ಸೀಟ್‌ಬೆಲ್ಟ್ ಅನ್ನುವ ಸ್ಯಾಂಡ್‌ಬಾಕ್ಸ್ ವ್ಯವಸ್ಥೆ, ಲಿನಕ್ಸ್‌ನಲ್ಲಿ ಕರ್ನಲ್‌ನದೇ ಸೌಲಭ್ಯಗಳನ್ನು ಬಳಸುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಬರೆಯಲು ಬಿಡುವ ಮೋಡ್‌ನಲ್ಲೂ ಅದು ಓಡಿಸುವ ಕಮಾಂಡ್‌ಗಳಿಗೆ ನೆಟ್‌ವರ್ಕ್ ಡಿಫಾಲ್ಟ್ ಆಗಿ ಬಂದ್. ಇದರಿಂದ ಕಿರಿಕಿರಿಯೂ ಇದೆ. ಪ್ಯಾಕೇಜ್ ಇನ್‌ಸ್ಟಾಲ್ ಆಗಲ್ಲ, ಹೊರಗಿನ ಸರ್ವಿಸ್ ಬೇಡುವ ಟೆಸ್ಟ್‌ಗಳು ಫೇಲ್ ಆಗುತ್ತವೆ. ಆದರೂ ಡಿಫಾಲ್ಟ್ ಹೀಗೇ ಇರಬೇಕು ಅನ್ನುವವನು ನಾನು. ಕ್ಲಾಡ್ ಕೋಡ್ ಶುರುವಿನಲ್ಲಿ ಕೇಳುವ ದಾರಿ ಹಿಡಿಯಿತು. ಓದುವುದಕ್ಕೆ ಕೇಳುವುದಿಲ್ಲ, ತಿದ್ದುವುದಕ್ಕೆ ಮತ್ತು ಕಮಾಂಡ್ ಓಡಿಸುವುದಕ್ಕೆ ಕೇಳುತ್ತದೆ. ಯಾವುದಕ್ಕೆ ಕೇಳಬೇಡ, ಯಾವುದನ್ನು ಎಂದೂ ಮಾಡಬೇಡ ಅಂತ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಡಬಹುದು. ಸ್ಯಾಂಡ್‌ಬಾಕ್ಸ್ ಅದಕ್ಕೆ 2025ರ ಕೊನೆಯ ತಿಂಗಳುಗಳಲ್ಲಿ ಸೇರಿತು. ಏನೂ ಮುಟ್ಟದೆ ಬರೀ ಯೋಜನೆ ಹೇಳುವ ಪ್ಲ್ಯಾನ್ ಮೋಡ್ ಕೂಡ ಇದೆ. ದೊಡ್ಡ ಬದಲಾವಣೆಗೆ ಮುಂಚೆ ಇದನ್ನು ಬಳಸಿ ಅಂತ ಒತ್ತಿ ಹೇಳುತ್ತೇನೆ. ತಪ್ಪು ಯೋಜನೆಯನ್ನು ಎರಡು ನಿಮಿಷದಲ್ಲಿ ಓದಿ ತಿದ್ದಬಹುದು, ಆದರೆ ತಪ್ಪು ಡಿಫ್ ಓದಲು ಅರ್ಧ ಗಂಟೆ ಬೇಕು.

ಕೇಳುವ ದಾರಿಯ ದೌರ್ಬಲ್ಯ ಮನುಷ್ಯರದು. ಇಪ್ಪತ್ತು ಸಲ "ಸರಿ" ಒತ್ತಿದವರು ಇಪ್ಪತ್ತೊಂದನೇ ಸಲ ಓದುವುದಿಲ್ಲ. ಆಮೇಲೆ "ಇದಕ್ಕೆ ಯಾವಾಗಲೂ ಅನುಮತಿ ಇದೆ" ಅಂತ ಒತ್ತುತ್ತಾರೆ. ಅಲ್ಲಿ ಏನಾಗಬಹುದು ಅನ್ನುವುದಕ್ಕೆ ಜೆಮಿನಿ ಸಿಎಲ್‌ಐನಲ್ಲಿ ಸಿಕ್ಕ ಒಂದು ದೋಷವೇ ಸಾಕ್ಷಿ. ಅದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಟ್ರೇಸ್‌ಬಿಟ್ ಅನ್ನುವ ಭದ್ರತಾ ಕಂಪನಿ ಇದನ್ನು ಪತ್ತೆ ಮಾಡಿತು. ದೋಷ ತೋರಿಸಲು ಅವರು ರೀಡ್‌ಮಿ ಫೈಲಿನ ಲೈಸೆನ್ಸ್ ಪಠ್ಯದ ನಡುವೆ ಏಜೆಂಟ್‌ಗೆ ಒಂದು ಸೂಚನೆ ಅಡಗಿಸಿಟ್ಟಿದ್ದರು. ಏಜೆಂಟ್ ಮೊದಲು ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ಓಡಿಸಲು ಅನುಮತಿ ಕೇಳುತ್ತದೆ. ಗ್ರೆಪ್ ತಾನೇ, ಯಾವಾಗಲೂ ಓಡಿಸಲಿ ಅಂತ ಬಳಕೆದಾರ ಒಪ್ಪುತ್ತಾನೆ. ಮುಂದಿನ ಕಮಾಂಡ್ ಗ್ರೆಪ್‌ನಿಂದಲೇ ಶುರುವಾಗುತ್ತದೆ, ಆದರೆ ಸೆಮಿಕೋಲನ್ ಆದಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಕೀ, ಪಾಸ್‌ವರ್ಡ್ ಇರಬಹುದಾದ ಶೆಲ್‌ನ ಮೌಲ್ಯಗಳು) ಹೊರಗಿನ ಸರ್ವರ್‌ಗೆ ಕಳಿಸುವ ಭಾಗ ಇರುತ್ತದೆ. ಕಮಾಂಡ್‌ನ ಆರಂಭ ಮಾತ್ರ ನೋಡಿ ಸಾಧನ ಅದನ್ನು ಕೇಳದೆಯೇ ಓಡಿಸಿಬಿಟ್ಟಿತು. ನಡುವೆ ಉದ್ದಕ್ಕೆ ಖಾಲಿ ಜಾಗ ತುಂಬಿದ್ದರಿಂದ ಸ್ಕ್ರೀನ್ ಮೇಲೂ ಕಾಣಲಿಲ್ಲ. ಜುಲೈನಲ್ಲಿ ಬಂದ 0.1.14 ಆವೃತ್ತಿಯಲ್ಲಿ ಗೂಗಲ್ ಇದನ್ನು ಸರಿಪಡಿಸಿತು.

ಅದರ ಮುಂದಿನ ತಿಂಗಳೇ ಇನ್ನೊಂದು ಘಟನೆ. 2025ರ ಆಗಸ್ಟ್‌ನಲ್ಲಿ ಎನ್‌ಎಕ್ಸ್ ಅನ್ನುವ ಜನಪ್ರಿಯ ಬಿಲ್ಡ್ ಸಾಧನದ ವಿಷ ಬೆರೆಸಿದ ಆವೃತ್ತಿಗಳು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂಗೆ ಸೇರಿಕೊಂಡವು. ಇನ್‌ಸ್ಟಾಲ್ ಆಗುವಾಗ ಓಡುವ ಸ್ಕ್ರಿಪ್ಟ್, ಆ ಕಂಪ್ಯೂಟರ್‌ನಲ್ಲಿ ಕ್ಲಾಡ್, ಜೆಮಿನಿ ಅಥವಾ ಅಮೆಜಾನ್ ಕ್ಯೂ ಸಿಎಲ್‌ಐ ಇದೆಯೇ ಅಂತ ನೋಡುತ್ತಿತ್ತು. ಇದ್ದರೆ ಅನುಮತಿ ಕೇಳದಂತೆ ಮಾಡುವ ಫ್ಲ್ಯಾಗ್ (ಕಮಾಂಡ್ ಜೊತೆ ಕೊಡುವ ಆಯ್ಕೆ) ಹಾಕಿ ಅದನ್ನೇ ಓಡಿಸಿ, ಗುಟ್ಟಿನ ಕೀಗಳು ಮತ್ತು ಕ್ರಿಪ್ಟೊ ವಾಲೆಟ್ ಇರುವ ಫೈಲುಗಳನ್ನು ಹುಡುಕಿಸುತ್ತಿತ್ತು. ಅಂದರೆ ಕಳ್ಳತನಕ್ಕೆ ನಿಮ್ಮದೇ ಸಹಾಯಕವನ್ನು ಬಳಸಿಕೊಂಡರು.

ಹಾಗಾಗಿ ಅನುಮತಿ ದಾಟಿಸುವ ಫ್ಲ್ಯಾಗ್‌ಗಳ ಬಗ್ಗೆ ನನ್ನ ನಿಲುವು ನೇರ. ಡಾಕರ್ ಕಂಟೇನರ್ ಅಥವಾ ವರ್ಚುವಲ್ ಮೆಷೀನ್ ಒಳಗೆ, ನಿಜವಾದ ಕೀಗಳು ಇಲ್ಲದ ಕಡೆ ಮಾತ್ರ ಬಳಸಿ. ನೀವು ದಿನಾ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಿ ಬೇಡವೇ ಬೇಡ. ಪ್ರೊಡಕ್ಷನ್ ಡೇಟಾಬೇಸ್‌ನ ಪಾಸ್‌ವರ್ಡ್ ನಿಮ್ಮ ಶೆಲ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಇದ್ದರೆ, ಮೊದಲು ಅದನ್ನು ತೆಗೆದು ಆಮೇಲೆ ಏಜೆಂಟ್ ಇನ್‌ಸ್ಟಾಲ್ ಮಾಡಿ.

ಹಿಂದಕ್ಕೆ ಬರುವ ದಾರಿ

ಇಲ್ಲಿ ಸಾಧನಗಳ ನಡುವೆ ದೊಡ್ಡ ವ್ಯತ್ಯಾಸ ಇದೆ. ಏಡರ್‌ನಲ್ಲಿ ಅನ್‌ಡು ಅಂದರೆ ಅದು ಮಾಡಿದ ಕೊನೆಯ ಕಮಿಟ್ ಹೋಗುತ್ತದೆ. ಎಲ್ಲ ಗಿಟ್‌ನಲ್ಲೇ ಇರುವುದರಿಂದ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಇತಿಹಾಸದಲ್ಲಿ ಚಿಕ್ಕಚಿಕ್ಕ ಕಮಿಟ್‌ಗಳು ತುಂಬುತ್ತವೆ ಅನ್ನುವ ದೂರು ಇದೆ. ಬೇರೆ ಬ್ರಾಂಚ್‌ನಲ್ಲಿ ಕೆಲಸ ಮಾಡಿ ಕೊನೆಗೆ ಎಲ್ಲವನ್ನೂ ಒಂದೇ ಕಮಿಟ್ ಆಗಿ ಸ್ಕ್ವಾಷ್ ಮಾಡಿದರೆ ಮುಗಿಯಿತು.

ಕ್ಲಾಡ್ ಕೋಡ್ ತಾನು ತಿದ್ದುವ ಫೈಲುಗಳ ಚೆಕ್‌ಪಾಯಿಂಟ್ ಇಟ್ಟುಕೊಳ್ಳುತ್ತದೆ. ರಿವೈಂಡ್ ಕಮಾಂಡ್ ಕೊಟ್ಟರೆ ಹಿಂದಿನ ಹಂತಕ್ಕೆ ಹೋಗಬಹುದು. ಆದರೆ ಶೆಲ್ ಕಮಾಂಡ್ ಮೂಲಕ ಆದ ಬದಲಾವಣೆ ಇದರಲ್ಲಿ ಸೇರುವುದಿಲ್ಲ. ಅದು ಆರ್‌ಎಂ ಓಡಿಸಿ ಫೈಲ್ ಅಳಿಸಿದ್ದರೆ ರಿವೈಂಡ್ ಅದನ್ನು ಮರಳಿಸುವುದಿಲ್ಲ. ಜೆಮಿನಿ ಸಿಎಲ್‌ಐನಲ್ಲೂ ಚೆಕ್‌ಪಾಯಿಂಟ್ ಇದೆ. ನಿಮ್ಮ ರೆಪೊ ಮುಟ್ಟದೆ ಪಕ್ಕದಲ್ಲಿ ಬೇರೆಯದೇ ಗಿಟ್ ರೆಪೊ ಇಟ್ಟುಕೊಂಡು ಅದು ಈ ಕೆಲಸ ಮಾಡುತ್ತದೆ. ಆದರೆ ಇದು ಡಿಫಾಲ್ಟ್ ಆಗಿ ಆನ್ ಇರುವುದಿಲ್ಲ, ನೀವೇ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು.

ಒಮ್ಮೆ ಓಡಿಸಿದ ಡೇಟಾಬೇಸ್ ಮೈಗ್ರೇಷನ್ (ಡೇಟಾಬೇಸ್‌ನ ರಚನೆ ಬದಲಿಸುವ ಸ್ಕ್ರಿಪ್ಟ್) ಅನ್ನು ಇವುಗಳಲ್ಲಿ ಯಾವುದೂ ಹಿಂದಕ್ಕೆ ತರುವುದಿಲ್ಲ. ಸಾಧನ ಯಾವುದೇ ಇರಲಿ, ಶುರು ಮಾಡುವ ಮುಂಚೆ ಕಮಿಟ್ ಮಾಡಿ. ಇಷ್ಟನ್ನು ಮಾಡಿದರೆ ಅರ್ಧ ಭಯ ಹೋಗುತ್ತದೆ. ಗಿಟ್ ಕೈಗೆ ಒಗ್ಗಿದವರಿಗೆ ಏಡರ್‌ನ ದಾರಿಯೇ ಎಲ್ಲಕ್ಕಿಂತ ನೆಮ್ಮದಿ ಅಂತ ನನಗನಿಸುತ್ತದೆ.

ಖರ್ಚು ಎಲ್ಲಿಂದ ಬರುತ್ತದೆ

ಮಾಡೆಲ್‌ಗೆ ನೆನಪಿಲ್ಲ. ಪ್ರತಿ ಸಲ ಇಡೀ ಮಾತುಕತೆಯನ್ನು ಮೊದಲಿನಿಂದ ಕಳಿಸಬೇಕು. ಏಜೆಂಟ್ ಒಂದು ಬಗ್ ಹಿಡಿಯಲು 30 ಸಲ ಫೈಲ್ ಓದಿ, ಕಮಾಂಡ್ ಓಡಿಸಿದರೆ, ಬೆಳೆಯುತ್ತಾ ಹೋಗುವ ಅದೇ ಮಾತುಕತೆ 30 ಸಲ ಹೋಗಬಹುದು. ಬಿಲ್ ಏಕೆ ಇಷ್ಟು ಬಂತು ಅಂತ ಗಾಬರಿಯಾಗುವವರು ಈ ಒಂದು ವಿಷಯ ತಿಳಿದುಕೊಂಡರೆ ಸಾಕು.

ಇದನ್ನು ಕಡಿಮೆ ಮಾಡಲು ಕ್ಯಾಶಿಂಗ್ ಇದೆ, ಅಂದರೆ ಆಗಲೇ ಕಳಿಸಿದ ಭಾಗವನ್ನು ಸರ್ವರ್ ಸ್ವಲ್ಪ ಹೊತ್ತು ಉಳಿಸಿಟ್ಟುಕೊಳ್ಳುವುದು. ಉದಾಹರಣೆಗೆ ಆಂಥ್ರೋಪಿಕ್‌ನ ಎಪಿಐನಲ್ಲಿ (ಪ್ರೋಗ್ರಾಂಗಳು ಮಾಡೆಲ್ ಬಳಸುವ ದಾರಿ) ಕ್ಯಾಶ್‌ನಿಂದ ಓದಿದ ಟೋಕನ್‌ಗೆ (ಪಠ್ಯದ ಚಿಕ್ಕ ತುಂಡು) ಮಾಮೂಲಿ ಇನ್‌ಪುಟ್ ಬೆಲೆಯ ಹತ್ತರಲ್ಲಿ ಒಂದು ಭಾಗ ಮಾತ್ರ. ಆದರೆ ಆ ಕ್ಯಾಶ್ ಡಿಫಾಲ್ಟ್ ಆಗಿ 5 ನಿಮಿಷ ಇರುತ್ತದೆ, ಪ್ರತಿ ಸಲ ಬಳಸಿದಾಗ ಗಡುವು ಮುಂದಕ್ಕೆ ಹೋಗುತ್ತದೆ. ಉದ್ದದ ಸೆಷನ್ ತೆರೆದಿಟ್ಟು ಎದ್ದು ಹೋಗಿ, ಒಂದು ಗಂಟೆ ಬಿಟ್ಟು ಬಂದು "ಮುಂದುವರಿಸು" ಅಂದರೆ ಇಡೀ ಮಾತುಕತೆಗೆ ಮತ್ತೆ ಪೂರ್ತಿ ಬೆಲೆ ಬೀಳಬಹುದು. ಹೊಸ ಕೆಲಸಕ್ಕೆ ಹೊಸ ಸೆಷನ್ ತೆರೆಯಿರಿ. ಹಳೆಯದನ್ನು ಎಳೆದುಕೊಂಡು ಹೋದರೆ ಖರ್ಚೂ ಜಾಸ್ತಿ, ಉತ್ತರವೂ ಮಸುಕು.

ಏಡರ್ ಇಲ್ಲಿ ಸಹಜವಾಗಿಯೇ ಅಗ್ಗ. ಮಾತುಕತೆಯ ಜೊತೆ ನೀವು ಸೇರಿಸಿದ ಫೈಲು, ಮತ್ತೆ ಆ ಚಿಕ್ಕ ನಕ್ಷೆ, ಅಷ್ಟೇ ಹೋಗುವುದು. ಕ್ಲಾಡ್ ಕೋಡ್ ಮತ್ತು ಕೋಡೆಕ್ಸ್ ಎರಡನ್ನೂ ತಿಂಗಳ ಚಂದಾದಲ್ಲಿ ಬಳಸಬಹುದು, ಎಪಿಐ ಕೀ ಹಾಕಿ ಬಳಸಿದಷ್ಟಕ್ಕೆ ಹಣವನ್ನೂ ಕೊಡಬಹುದು. ದಿನವಿಡೀ ಏಜೆಂಟ್ ಓಡಿಸುವವರಿಗೆ ಚಂದಾ ಲಾಭ. ಆದರೆ ಅದಕ್ಕೆ ಬಳಕೆಯ ಮಿತಿ ಇದೆ, ಕೆಲಸದ ನಡುವೆಯೇ ಮಿತಿ ಮುಗಿಯಬಹುದು. ವಾರಕ್ಕೆ ಒಂದೆರಡು ಸಲ ಬಳಸುವವರಿಗೆ ಎಪಿಐ ಕೀ ಸಾಕು. ಕೀ ತಗೊಂಡ ದಿನವೇ ತಿಂಗಳ ಖರ್ಚಿಗೆ ಮಿತಿ ಹಾಕಿಬಿಡಿ. ಜೆಮಿನಿ ಸಿಎಲ್‌ಐ ಬಂದಾಗ ವೈಯಕ್ತಿಕ ಗೂಗಲ್ ಖಾತೆಗೆ ದಿನಕ್ಕೆ 1000 ವಿನಂತಿ ಉಚಿತ ಅಂತ ಘೋಷಿಸಿತ್ತು. ಕಲಿಯುವವರಿಗೆ ಅದು ದೊಡ್ಡ ಬಾಗಿಲನ್ನೇ ತೆರೆಯಿತು. ಒಂದು ಮಾತು ಮಾತ್ರ ನೆನಪಿರಲಿ: ಉಚಿತ ಖಾತೆಯ ಡೇಟಾ ನಿಯಮ ಮತ್ತು ಹಣ ಕೊಟ್ಟ ಖಾತೆಯ ನಿಯಮ ಒಂದೇ ಆಗಿರಬೇಕೆಂದಿಲ್ಲ. ಕಂಪನಿಯ ಕೋಡ್ ಆದರೆ ಆ ಪುಟ ಓದದೆ ಮುಂದೆ ಹೋಗಬೇಡಿ.

ಕೋಡ್ ಹೊರಗೆ ಹೋಗಲೇಬಾರದು ಅಂದರೆ

ಆಗ ಲೋಕಲ್ ಮಾಡೆಲ್, ಅಂದರೆ ನಿಮ್ಮದೇ ಕಂಪ್ಯೂಟರ್‌ನಲ್ಲಿ ಓಡುವ ಮಾಡೆಲ್ ಒಂದೇ ದಾರಿ. ಅಂಥ ಮಾಡೆಲ್‌ಗಳನ್ನು ಓಡಿಸುವ ಓಲಾಮಾ ಹಾಕಿಕೊಂಡು ಕ್ವೆನ್ 2.5 ಕೋಡರ್‌ನಂಥ ಮಾಡೆಲ್ ಇಳಿಸಿಕೊಳ್ಳಬಹುದು. 7ಬಿ ಅಳತೆಯದು (ಬಿ ಅಂದರೆ ನೂರು ಕೋಟಿ ಪ್ಯಾರಾಮೀಟರ್) ಸುಮಾರು 4.7 ಜಿಬಿ, 32ಬಿ ಅಳತೆಯದು ಸುಮಾರು 20 ಜಿಬಿ. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಓಡುತ್ತದೆ, ಆದರೆ ಕಾಯುವ ತಾಳ್ಮೆ ಬೇಕು.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಓಲಾಮಾದ ಡಿಫಾಲ್ಟ್ ಕಾಂಟೆಕ್ಸ್ಟ್ (ಮಾಡೆಲ್ ಒಂದು ಸಲಕ್ಕೆ ನೋಡಬಲ್ಲ ಪಠ್ಯದ ಅಳತೆ) ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಚಿಕ್ಕದು. ಹಳೆಯ ಆವೃತ್ತಿಗಳಲ್ಲಿ 2048 ಟೋಕನ್, ಆಮೇಲೆ 4096 ಆಯಿತು, ಹೊಸ ಆವೃತ್ತಿಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕಿಂತ ಜಾಸ್ತಿ ಕಳಿಸಿದರೆ ಎರರ್ ಬರುವುದಿಲ್ಲ, ಒಂದಷ್ಟು ಭಾಗವನ್ನು ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ಮಾಡೆಲ್ ನಿಮ್ಮ ಫೈಲನ್ನೇ ನೋಡದೆ ಏನೋ ಉತ್ತರ ಕೊಡುತ್ತದೆ, ನೀವು ಮಾಡೆಲ್ ದಡ್ಡ ಅಂದುಕೊಳ್ಳುತ್ತೀರಿ. ಮೊದಲು ಕಾಂಟೆಕ್ಸ್ಟ್ ಅಳತೆ ಹೆಚ್ಚಿಸಿ, ಆಮೇಲೆ ತೀರ್ಮಾನ ಮಾಡಿ.

ಚಿಕ್ಕ ಲೋಕಲ್ ಮಾಡೆಲ್‌ಗೆ ಏಜೆಂಟ್ ಬಗೆಗಿಂತ ಏಡರ್ ಹೆಚ್ಚು ಹೊಂದುತ್ತದೆ. ಏಜೆಂಟ್‌ಗಳು ಕೆಲಸ ಶುರುವಾಗುವ ಮುಂಚೆಯೇ ಉದ್ದದ ಸೂಚನೆ, ಟೂಲ್‌ಗಳ ವಿವರ ಎಲ್ಲ ತುಂಬಿ ಕಳಿಸುತ್ತವೆ. ಚಿಕ್ಕ ಮಾಡೆಲ್ ಅಲ್ಲೇ ಸುಸ್ತಾಗುತ್ತದೆ.

ಸೂಚನೆಯ ಫೈಲು, ಸ್ಕ್ರಿಪ್ಟ್

ಈ ಎರಡು ವಿಷಯಗಳಲ್ಲಿ ಸಾಧನಗಳ ನಡುವೆ ವ್ಯತ್ಯಾಸ ಕಡಿಮೆ, ಬೇಗ ಮುಗಿಸುತ್ತೇನೆ. ಪ್ರಾಜೆಕ್ಟ್‌ನ ನಿಯಮಗಳನ್ನು ಕೋಡೆಕ್ಸ್ ಏಜೆಂಟ್ಸ್.ಎಂಡಿ (AGENTS.md) ಫೈಲಿನಿಂದ ಓದುತ್ತದೆ. ಕ್ಲಾಡ್ ಕೋಡ್‌ಗೆ ಕ್ಲಾಡ್.ಎಂಡಿ, ಜೆಮಿನಿಗೆ ಜೆಮಿನಿ.ಎಂಡಿ. ಏಜೆಂಟ್ಸ್.ಎಂಡಿಯನ್ನು ಹಲವು ಸಾಧನಗಳು ಒಪ್ಪಿಕೊಂಡಿರುವುದರಿಂದ ನಿಯಮಗಳನ್ನು ಅದರಲ್ಲೇ ಬರೆದು, ಉಳಿದವುಗಳಿಂದ ಅದನ್ನು ಓದು ಅಂತ ತೋರಿಸಿದರೆ ಸಾಕು. ಒಂದು ಪುಟ ದಾಟಬೇಡಿ. ಟೆಸ್ಟ್ ಹೇಗೆ ಓಡಿಸಬೇಕು, ಯಾವ ಫೋಲ್ಡರ್ ಮುಟ್ಟಬಾರದು, ಇಷ್ಟಿರಲಿ. ಸ್ಕ್ರಿಪ್ಟ್‌ನಿಂದ ಓಡಿಸಲು ಮೂರಕ್ಕೂ ದಾರಿ ಇದೆ. ಸಿಐನಲ್ಲಿ (ಕೋಡ್ ಸೇರಿದಾಗೆಲ್ಲ ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಹಾಕುವುದಾದರೆ ಬರೀ ಓದುವ ಅನುಮತಿ ಕೊಟ್ಟು ಶುರು ಮಾಡಿ.

ಹಾಗಾದರೆ ಯಾವುದು?

ಗಿಟ್ ಚೆನ್ನಾಗಿ ಬರುತ್ತದೆ, ಕೋಡ್‌ಬೇಸ್ ನಿಮ್ಮದೇ, ಖರ್ಚು ಹಿಡಿತದಲ್ಲಿರಬೇಕು ಅಂದರೆ ಏಡರ್. ದೊಡ್ಡ ಹಳೆಯ ರೆಪೊ, ಹಲವು ಫೈಲುಗಳಲ್ಲಿ ಬದಲಾವಣೆ ಅಂದರೆ ಕ್ಲಾಡ್ ಕೋಡ್ ಅಥವಾ ಕೋಡೆಕ್ಸ್. ಈ ಎರಡರಲ್ಲಿ, ಬೇಲಿ ಹಾಕಿ ಒಂದಷ್ಟು ಹೊತ್ತು ಬಿಟ್ಟು ಬರುವ ಅಭ್ಯಾಸದವರಿಗೆ ಕೋಡೆಕ್ಸ್, ಜೊತೆಗೇ ಕೂತು ಹಂತಹಂತವಾಗಿ ದಾರಿ ತೋರಿಸುವವರಿಗೆ ಕ್ಲಾಡ್ ಕೋಡ್ ಹೆಚ್ಚು ಒಗ್ಗುತ್ತದೆ ಅನ್ನೋದು ನನ್ನ ಲೆಕ್ಕ. ಹಣ ಹಾಕದೆ ಏಜೆಂಟ್ ಹೇಗಿರುತ್ತದೆ ಅಂತ ನೋಡಬೇಕು ಅನ್ನುವವರು, ಉಚಿತ ಬಳಕೆ ಈಗಲೂ ಇದೆಯೇ ಅಂತ ಖಚಿತ ಮಾಡಿಕೊಂಡು, ಜೆಮಿನಿ ಸಿಎಲ್‌ಐ ನೋಡಿ. ಒಂದೇ ಕಂಪನಿಗೆ ಕಟ್ಟುಬೀಳಲು ಇಷ್ಟವಿಲ್ಲದವರಿಗೆ ಓಪನ್‌ಕೋಡ್. ತಂಡ ಪೂರ್ತಿ ಗಿಟ್‌ಹಬ್‌ನಲ್ಲೇ ಇದ್ದು ಕೋಪೈಲಟ್ ಚಂದಾ ಆಗಲೇ ಕಟ್ಟುತ್ತಿದ್ದರೆ ಅದರದೇ ಸಿಎಲ್‌ಐನಿಂದ ಶುರು ಮಾಡುವುದರಲ್ಲಿ ಅರ್ಥವಿದೆ.

ನನ್ನ ಮಾತು ನಂಬಿ ಆರಿಸಬೇಡಿ, ಪರೀಕ್ಷಿಸಿ. ಆದರೆ "ಬೇಗ ಆಯ್ತು ಅನಿಸಿತು" ಅನ್ನುವ ಅನಿಸಿಕೆಯ ಮೇಲೆ ತೀರ್ಮಾನ ಬೇಡ. ಮೆಟರ್ ಅನ್ನುವ ಸಂಸ್ಥೆ 2025ರಲ್ಲಿ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳ ಜೊತೆ 246 ಕೆಲಸಗಳ ಮೇಲೆ ಅಧ್ಯಯನ ಮಾಡಿತು. ಎಐ ಬಳಸಿದಾಗ ಅವರಿಗೆ 19% ಜಾಸ್ತಿ ಸಮಯ ಹಿಡಿಯಿತು. ಆದರೆ ಕೆಲಸ ಮುಗಿದ ಮೇಲೂ ಅವರು ತಮಗೆ 20% ಸಮಯ ಉಳಿಯಿತು ಅಂತಲೇ ನಂಬಿದ್ದರು. ಅವರಲ್ಲಿ ಹೆಚ್ಚಿನವರು ಬಳಸಿದ್ದು ಎಡಿಟರ್ ಒಳಗಿನ ಎಐ, ಮಾಡೆಲ್‌ಗಳೂ ಆಗಿನವು. ಆದರೂ ಅನಿಸಿಕೆ ಮತ್ತು ಗಡಿಯಾರದ ನಡುವೆ ಇಷ್ಟು ಅಂತರ ಇರಬಹುದು ಅನ್ನುವುದು ಯೋಚಿಸಬೇಕಾದ ವಿಷಯ ಅಲ್ವಾ? ಸಮಯ ಬರೆದಿಡಿ.

ಪರೀಕ್ಷೆಗೆ ನೀವು ಈಗಾಗಲೇ ಸರಿಪಡಿಸಿದ ಒಂದು ಹಳೆಯ ಬಗ್ ಆರಿಸಿಕೊಳ್ಳಿ. ಸರಿಯಾದ ಉತ್ತರ ನಿಮಗೆ ಗೊತ್ತಿರುತ್ತದೆ. ಆ ಫಿಕ್ಸ್‌ಗೆ ಹಿಂದಿನ ಕಮಿಟ್‌ನಲ್ಲಿ ಒಂದು ಬ್ರಾಂಚ್ ಮಾಡಿ, ಸಾಧನಕ್ಕೊಂದರಂತೆ ಬೇರೆ ಬೇರೆ ಫೋಲ್ಡರ್‌ಗೆ ಡೆಪ್ತ್ 1 (ಕೊನೆಯ ಕಮಿಟ್ ಮಾತ್ರ) ಕೊಟ್ಟು ಆ ಬ್ರಾಂಚನ್ನು ಮಾತ್ರ ಕ್ಲೋನ್ ಮಾಡಿ. ಗಿಟ್ ವರ್ಕ್‌ಟ್ರೀ (ಅದೇ ರೆಪೊಗೆ ಸೇರಿದ ಇನ್ನೊಂದು ಫೋಲ್ಡರ್) ಬಳಸಿದರೆ ಇತಿಹಾಸ ಪೂರ್ತಿ ಅಲ್ಲೇ ಇರುತ್ತದೆ, ಏಜೆಂಟ್ ಗಿಟ್ ಲಾಗ್ ಓದಿ ನಿಮ್ಮ ಫಿಕ್ಸ್ ಅನ್ನೇ ಕಂಡುಹಿಡಿಯಬಹುದು. ಅದೇ ಕಂಪ್ಯೂಟರ್‌ನ ಫೋಲ್ಡರ್‌ನಿಂದ ಕ್ಲೋನ್ ಮಾಡುವಾಗ ಮಾಮೂಲಿ ಪಾತ್ ಕೊಟ್ಟರೆ ಗಿಟ್ ಆ ಡೆಪ್ತ್ ಆಯ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಾತ್‌ಗೆ ಮೊದಲು file:// ಅಂತ ಸೇರಿಸಬೇಕು. ಎಲ್ಲಕ್ಕೂ ಒಂದೇ ವಾಕ್ಯದಲ್ಲಿ ಬಗ್ ವಿವರಿಸಿ. ಮುಗಿದ ಮೇಲೆ ಮೊದಲು ನೋಡಬೇಕಾದ್ದು ಟೆಸ್ಟ್ ಫೈಲುಗಳ ಡಿಫ್. ಟೆಸ್ಟ್ ಪಾಸ್ ಮಾಡಿಸಲು ಟೆಸ್ಟನ್ನೇ ತಿದ್ದಿದೆಯಾ? ಕೇಳದ ಫೈಲುಗಳನ್ನು ಮುಟ್ಟಿದೆಯಾ? ಆಮೇಲೆ ಅದರ ಡಿಫ್ ಅನ್ನು ನಿಮ್ಮ ಹಳೆಯ ಫಿಕ್ಸ್ ಪಕ್ಕದಲ್ಲಿಟ್ಟು ಓದಿ. ಯಾವ ಸಾಧನದ ಡಿಫ್ ಅನ್ನು ಪೂರ್ತಿ ಓದಿ, ಪೂರ್ತಿ ಅರ್ಥ ಮಾಡಿಕೊಂಡು ಒಪ್ಪಲು ನಿಮಗೆ ಕಡಿಮೆ ಹೊತ್ತು ಹಿಡಿಯಿತೋ, ಅದನ್ನು ಇಟ್ಟುಕೊಳ್ಳಿ.